ಕರೆಂಟು ಹೋದಾಗ ಬಿಸಿಲಿನ ನೆರವು

ಬಾಗಲಕೋಟೆ ಜಿಲ್ಲೆಯ ಸಹೋದರಿಯರಿಗೆ ಬಿಸಿಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಪ್ಪಳ, ಸಂಡಿಗೆ, ಬ್ಯಾಡಗಿ ಮೆಣಸಿನಕಾಯಿ ಎಲ್ಲವನ್ನೂ ಮಾಳಿಗೆಯ ಮೇಲೆ ಹರವಿ ಆ ಬಿಸಿಲಿನಿಂದ ಕೆಲಸ ಮಾಡಿಸಿಕೊಳ್ಳುವುದು ನಮ್ಮ ತಾಯಂದಿರ ಕಾಲದಿಂದಲೂ ಬಂದಿದೆ. ಅದೇ ಬಿಸಿಲಿನಿಂದ ರಾತ್ರಿಯ ದೀಪವನ್ನೂ ಫ್ಯಾನನ್ನೂ ನಡೆಸಬಹುದು ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಯಾವುದನ್ನು ಕೊಳ್ಳಬೇಕು, ಎಷ್ಟು ದೊಡ್ಡದು ಬೇಕು, ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆ ಬಂದಾಗ ಅಂಗಡಿಯವನು ಹೇಳಿದ್ದೇ ಕೊನೆಯ ಮಾತಾಗುತ್ತದೆ. ಹೀಗಾಗಬಾರದು. ಕರೆಂಟು ಹೋದಾಗ ಮನೆಯಲ್ಲಿ ಯಾವ ಕೆಲಸ ನಿಲ್ಲುತ್ತದೆ ಎಂಬುದು ಅಂಗಡಿಯವನಿಗಿಂತ, ಹಣ ಕೊಡುವ ಯಜಮಾನರಿಗಿಂತ, ಮನೆಯೊಳಗಿರುವ ಮಹಿಳೆಗೆ ಚೆನ್ನಾಗಿ ಗೊತ್ತು. ಆದ್ದರಿಂದ ಈ ತಿಂಗಳು ಈ ಲೆಕ್ಕವನ್ನು ನಾವೇ ಮಾಡಿ ನೋಡೋಣ.

ನಮ್ಮ ಪಕ್ಕದಲ್ಲೇ ಆಲಮಟ್ಟಿ ಇದೆ. ಅಲ್ಲಿನ ಜಲವಿದ್ಯುತ್ ಕೇಂದ್ರದ ಸಾಮರ್ಥ್ಯ 290 ಮೆಗಾವ್ಯಾಟ್. ಆ ಜಲಾಶಯದ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಖಾಲಿಯಾದವು, ನವನಗರ ಎದ್ದು ನಿಂತಿತು. ಇಷ್ಟೆಲ್ಲ ಇದ್ದೂ ನಮ್ಮ ಮನೆಯಲ್ಲಿ ಕರೆಂಟು ಏಕೆ ಹೋಗುತ್ತದೆ ಎಂದು ಹಲವರು ಕೇಳುತ್ತಾರೆ. ಅಲ್ಲಿ ಹುಟ್ಟಿದ ವಿದ್ಯುತ್ತು ನೇರವಾಗಿ ನಮ್ಮ ಮನೆಗೆ ಬರುವುದಿಲ್ಲ. ಇಡೀ ರಾಜ್ಯದ ಜಾಲಕ್ಕೆ ಸೇರಿ, ಅಲ್ಲಿಂದ ಹಂಚಿಕೆಯಾಗಿ, ಹೆಸ್ಕಾಂನ ತಂತಿಯ ಮೂಲಕ ಬರುತ್ತದೆ. ನಡುವೆ ಗಾಳಿ-ಮಳೆಗೆ ತಂತಿ ಹರಿದರೂ, ಟ್ರಾನ್ಸ್‌ಫಾರ್ಮರ್ ಸುಟ್ಟರೂ ಕತ್ತಲಾಗುವುದು ನಮ್ಮ ಅಡುಗೆಮನೆಯೇ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದಲ್ಲೆಲ್ಲ ವಿದ್ಯುತ್ ಬೇಡಿಕೆ ಏರಿ ಕೊರತೆ ಉಂಟಾಯಿತು. ಅದಕ್ಕೂ ಮೊದಲು, 2019ರ ಆಗಸ್ಟ್‌ನಲ್ಲಿ ಇದಕ್ಕೆ ವಿರುದ್ಧವಾಗಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಸ್ಮಾರಕಗಳ ಆವರಣಕ್ಕೂ ನೀರು ನುಗ್ಗಿತ್ತು. ಬರ ಬಂದರೂ ನೆರೆ ಬಂದರೂ ಕರೆಂಟಿಗೆ ಕಷ್ಟವೇ.

ಒಂದೆರಡು ಗಂಟೆ ಕತ್ತಲಾದರೆ ಏನಾಯಿತು ಎಂದು ಗಂಡಸರು ಸುಲಭವಾಗಿ ಹೇಳಿಬಿಡಬಹುದು. ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟು ಹೋದರೆ ಆ ಹುಡುಗಿಯ ಒಂದು ಪಾಠ ಹೋಗುತ್ತದೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಕೂತು ನೇಯುವವರಿಗೆ ಮಗ್ಗ ನಡೆಸಲು ಕರೆಂಟು ಬೇಡವಾದರೂ ಎಳೆ ಕಾಣಲು ಬೆಳಕು ಬೇಕೇ ಬೇಕು. ಕಂಡಿಕೆ ಸುತ್ತುವ, ಬಟ್ಟೆ ಹೊಲಿಯುವ, ಸೀರೆಗೆ ಕಸೂತಿ ಹಾಕುವ ಹೆಂಗಸರ ದುಡಿಮೆ ಹೆಚ್ಚಾಗಿ ಮನೆಗೆಲಸ ಮುಗಿದ ಮೇಲೆ, ಸಂಜೆಯ ನಂತರವೇ ನಡೆಯುವುದು. ಮನೆಯಲ್ಲಿ ಉಬ್ಬಸದ ಮಗುವಿದ್ದರೆ ನೆಬ್ಯುಲೈಸರ್ ನಿಂತುಹೋಗುತ್ತದೆ. ಬೇಸಿಗೆಯ ರಾತ್ರಿ ಫ್ಯಾನ್ ಇಲ್ಲದೆ ಎಳೆಗೂಸೂ ಹಾಸಿಗೆ ಹಿಡಿದ ಅತ್ತೆಯೂ ನಿದ್ದೆ ಮಾಡುವುದಿಲ್ಲ. ಅವರಿಬ್ಬರೂ ಮಲಗದಿದ್ದರೆ ಸೊಸೆಗೂ ನಿದ್ದೆಯಿಲ್ಲ. ಸಹರಿಗೆ ಎದ್ದ ಹೊತ್ತಿನಲ್ಲಿ ಕರೆಂಟು ಹೋದರೆ ಮೊಬೈಲಿನ ಬೆಳಕಿನಲ್ಲಿ ರೊಟ್ಟಿ ಬಡಿದವರಿಗೆ ಅದರ ಕಷ್ಟ ಗೊತ್ತು.

ಇನ್ನು 'ಸೋಲಾರ್ ಜನರೇಟರ್' ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ಜನರೇಟರ್ ಎಂದೊಡನೆ ಮದುವೆ ಮನೆಯ ಹೊರಗೆ ಗುಡುಗುಡು ಎನ್ನುವ ಡೀಸೆಲ್ ಯಂತ್ರ ನೆನಪಾಗುತ್ತದೆ. ಇದು ಅದಲ್ಲ. ಇದರಲ್ಲಿ ಎಣ್ಣೆಯಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಇದರೊಳಗೆ ನಾಲ್ಕು ಅಂಗಗಳಿವೆ. ಮೊದಲನೆಯದು ಬಿಸಿಲನ್ನು ವಿದ್ಯುತ್ ಮಾಡುವ ಪ್ಲೇಟು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಸಿಲಿಕಾನ್ ಸೌರಕೋಶದ ಮುಂದುವರಿಕೆಯೇ ಇಂದಿನ ಪ್ಲೇಟುಗಳು. ಎರಡನೆಯದು, ಬ್ಯಾಟರಿಗೆ ಹೆಚ್ಚೂ ಕಡಿಮೆಯೂ ಆಗದಂತೆ ಕರೆಂಟು ತುಂಬುವ ಚಾರ್ಜ್ ಕಂಟ್ರೋಲರ್. ಮೂರನೆಯದು ಬ್ಯಾಟರಿ. ನಾಲ್ಕನೆಯದು, ಬ್ಯಾಟರಿಯ ಕರೆಂಟನ್ನು ನಮ್ಮ ಫ್ಯಾನು-ಬಲ್ಬುಗಳಿಗೆ ಬೇಕಾದ 230 ವೋಲ್ಟ್‌ಗೆ ಬದಲಿಸುವ ಇನ್ವರ್ಟರ್. ಇವೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟು, ಕೈಯಲ್ಲಿ ಹಿಡಿದು ಓಡಾಡುವಂತೆ ಮಾಡಿದರೆ ಅದನ್ನು ಸೋಲಾರ್ ಜನರೇಟರ್ ಎಂದು ಮಾರುತ್ತಾರೆ. ಬೇರೆಬೇರೆಯಾಗಿ ಗೋಡೆಗೆ, ಮಾಳಿಗೆಗೆ ಜೋಡಿಸಿದರೆ ಅದು ಸೋಲಾರ್ ಇನ್ವರ್ಟರ್ ವ್ಯವಸ್ಥೆ. ಒಳಗಿನ ತತ್ವ ಒಂದೇ.

ಮೂರನೆಯದೊಂದು ಬಗೆಯಿದೆ, ಇದರ ಬಗ್ಗೆಯೇ ಹೆಚ್ಚು ಗೊಂದಲ. ಮಾಳಿಗೆಯ ಮೇಲಿನ ಪ್ಲೇಟುಗಳನ್ನು ನೇರವಾಗಿ ಹೆಸ್ಕಾಂ ತಂತಿಗೆ ಜೋಡಿಸುವುದು. ಹಗಲು ನಮ್ಮಲ್ಲಿ ಹೆಚ್ಚಾದ ಕರೆಂಟು ಹೊರಗೆ ಹೋಗುತ್ತದೆ, ರಾತ್ರಿ ಹೊರಗಿನದು ಒಳಗೆ ಬರುತ್ತದೆ, ಮೀಟರು ಎರಡನ್ನೂ ಲೆಕ್ಕವಿಡುತ್ತದೆ. ಕೇಂದ್ರ ಸರಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ ಸಿಗುವುದು ಇಂತಹ ಘಟಕಕ್ಕೆ. ಒಂದು ಕಿಲೋವ್ಯಾಟಿಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78 ಸಾವಿರ ರೂಪಾಯಿ ಎಂದು ಆ ಯೋಜನೆಯಲ್ಲಿ ನಿಗದಿಯಾಯಿತು. ಆದರೆ ಗಮನಿಸಿ: ಬ್ಯಾಟರಿ ಇಲ್ಲದ ಈ ಘಟಕ, ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ. ನಡುಹಗಲಿನ ಬಿಸಿಲಿದ್ದರೂ ಅಷ್ಟೇ. ಕೆಟ್ಟ ತಂತಿಯನ್ನು ಸರಿಪಡಿಸಲು ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯಿಂದ ಹರಿದ ಕರೆಂಟು ತಗಲಬಾರದೆಂದು ಹಾಗೆ ಮಾಡಿದ್ದಾರೆ. ಒಬ್ಬರ ಜೀವ ಉಳಿಸುವ ನಿಯಮವಾದ್ದರಿಂದ ಅದನ್ನು ದೂರುವಂತಿಲ್ಲ. ಆದರೆ 'ಸೋಲಾರ್ ಹಾಕಿಸಿದ್ದೇವೆ, ಇನ್ನು ಕರೆಂಟು ಹೋಗುವುದೇ ಇಲ್ಲ' ಎಂದು ನಂಬಿ ಹಣ ಕಟ್ಟಿದವರು ನಿರಾಶರಾಗುತ್ತಾರೆ. ತಂತಿಯ ಜೋಡಣೆಯೂ ಬೇಕು, ಕತ್ತಲಲ್ಲಿ ದೀಪವೂ ಬೇಕು ಎಂದಾದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಕೇಳಬೇಕು. ಅದರ ಬೆಲೆ ಹೆಚ್ಚು.

ಹಾಗಾದರೆ ಮೊದಲ ಪ್ರಶ್ನೆ: ನಿಮಗೆ ಬೇಕಾಗಿರುವುದು ಬಿಲ್ ಉಳಿತಾಯವೋ, ಕರೆಂಟು ಹೋದಾಗಿನ ಆಸರೆಯೋ? 2023ರ ಆಗಸ್ಟ್‌ನಿಂದ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ, ತಿಂಗಳಿಗೆ 200 ಯೂನಿಟ್‌ನ ಮಿತಿಯೊಳಗೆ ಶೂನ್ಯ ಬಿಲ್ ಬರುತ್ತಿರುವ ಮನೆಗಳು ಬಹಳ. ಶೂನ್ಯ ಬಿಲ್ಲಿನ ಮನೆಯವರು ಉಳಿತಾಯಕ್ಕೆಂದು ಸಾಲ ಮಾಡಿ ದೊಡ್ಡ ಘಟಕ ಹಾಕಿಸುವುದರಲ್ಲಿ ಅರ್ಥವಿಲ್ಲ. ಅವರಿಗೆ ಬೇಕಾಗಿರುವುದು ಆ ಎರಡು-ನಾಲ್ಕು ಗಂಟೆಗಳ ಆಸರೆ ಮಾತ್ರ. ಇನ್ನೊಂದು ಸೂಕ್ಷ್ಮವಿದೆ. ಬರಿಯ ಇನ್ವರ್ಟರ್ ಹಾಕಿಸಿದರೆ ಬ್ಯಾಟರಿ ತುಂಬುವುದು ಮೀಟರಿನ ಕರೆಂಟಿನಿಂದಲೇ. ಮಿತಿಯ ಅಂಚಿನಲ್ಲಿರುವ ಮನೆ ಅದರಿಂದ ಮಿತಿ ದಾಟಬಹುದು. ಬಿಸಿಲಿನಿಂದ ಬ್ಯಾಟರಿ ತುಂಬಿದರೆ ಆ ಚಿಂತೆ ಬಹಳ ಕಡಿಮೆ.

ಈಗ ಕಾಗದ-ಪೆನ್ನು ತೆಗೆದುಕೊಳ್ಳಿ. ಪ್ರತಿ ಉಪಕರಣ ಎಷ್ಟು ವ್ಯಾಟ್, ಎಷ್ಟು ಗಂಟೆ ಬೇಕು ಎಂದು ಬರೆದು ಗುಣಿಸಿದರೆ ಬರುವುದು ವ್ಯಾಟ್-ಗಂಟೆ. ಅಂತಹ ಸಾವಿರ ಸೇರಿದರೆ ಮೀಟರಿನ ಒಂದು ಯೂನಿಟ್. ಒಂದು ಮನೆಯನ್ನು ಊಹಿಸಿಕೊಳ್ಳಿ. ದಿನಕ್ಕೆ ನಾಲ್ಕು ಗಂಟೆ ಕರೆಂಟಿಲ್ಲ ಎಂದಿಟ್ಟುಕೊಳ್ಳೋಣ. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು ನಾಲ್ಕು ಗಂಟೆ ಉರಿದರೆ 144. ಹಳೆಯ ಮಾದರಿಯ, 75 ವ್ಯಾಟಿನ ಎರಡು ಫ್ಯಾನು ತಿರುಗಿದರೆ 600. ಮೊಬೈಲುಗಳ ಚಾರ್ಜಿಗೆ 30. ಹೊಲಿಗೆ ಯಂತ್ರದ 100 ವ್ಯಾಟಿನ ಮೋಟಾರು ಎರಡು ಗಂಟೆಗೆ 200. ಒಟ್ಟು 974. ಈಗ ಆ ಎರಡು ಫ್ಯಾನುಗಳ ಜಾಗದಲ್ಲಿ ಸುಮಾರು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿ ನೋಡಿ. 600 ಇದ್ದದ್ದು 240ಕ್ಕೆ ಇಳಿದು, ಒಟ್ಟು 614 ಆಗುತ್ತದೆ.

ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದು ಬ್ಯಾಟರಿಯ ಲೆಕ್ಕದಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಮನೆಗಳಲ್ಲಿರುವ 12 ವೋಲ್ಟಿನ 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 12 ಗುಣಿಸು 150, ಅಂದರೆ 1800 ವ್ಯಾಟ್-ಗಂಟೆ ಇರುತ್ತದೆ ಎಂದು ಕಾಗದ ಹೇಳುತ್ತದೆ. ಆದರೆ ಇಂತಹ ಬ್ಯಾಟರಿಯನ್ನು ದಿನವೂ ಪೂರ್ತಿ ಬರಿದು ಮಾಡಿದರೆ ಬೇಗ ಸಾಯುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟನ್ನೇ ಬಳಸುವುದು ಜಾಣತನ. ಇನ್ವರ್ಟರ್ ತನ್ನ ಪಾಲನ್ನೂ ತಿನ್ನುತ್ತದೆ. ಕೊನೆಗೆ ನಮ್ಮ ಕೈಗೆ ನೆಮ್ಮದಿಯಾಗಿ ಸಿಗುವುದು 750ರಿಂದ 800. ನೋಡಿ, ಬಿಎಲ್‌ಡಿಸಿ ಫ್ಯಾನಿನ ಮನೆಗೆ ಒಂದೇ ಬ್ಯಾಟರಿ ಸಾಕಾಯಿತು. ಹಳೆಯ ಫ್ಯಾನಿನ ಮನೆಗೆ ಸಾಲದಾಯಿತು. ಹೆಚ್ಚಿನ ಬ್ಯಾಟರಿಗೆ ಹಣ ಹಾಕುವುದಕ್ಕಿಂತ ಮೊದಲು ಫ್ಯಾನು ಬದಲಿಸುವುದೇ ಅಗ್ಗ. ಸೋರುವ ಕೊಡಕ್ಕೆ ದೊಡ್ಡ ಬಾವಿ ತೋಡಿದರೆ ಏನು ಪ್ರಯೋಜನ?

ಇಷ್ಟು ಬ್ಯಾಟರಿಯನ್ನು ಮರುದಿನ ತುಂಬಲು ಎಷ್ಟು ದೊಡ್ಡ ಪ್ಲೇಟು ಬೇಕು? ನಮ್ಮ ಕಡೆಯ ಒಳ್ಳೆಯ ಬಿಸಿಲಿನಲ್ಲಿ ಒಂದು ಕಿಲೋವ್ಯಾಟಿನ ಪ್ಲೇಟುಗಳಿಂದ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ನಿರೀಕ್ಷಿಸಬಹುದು. ಆ ಲೆಕ್ಕದಲ್ಲಿ 330 ವ್ಯಾಟಿನ ಒಂದು ಪ್ಲೇಟು ಒಂದೂಕಾಲು ಯೂನಿಟ್‌ನಷ್ಟು ಕೊಡುತ್ತದೆ. ಸೋರಿಕೆ ಕಳೆದರೂ ಮೇಲಿನ ಮನೆಗೆ ಸಾಕು. ಆಷಾಢದ ಮೋಡದ ದಿನಗಳಲ್ಲಿ ಇದು ಅರ್ಧಕ್ಕೂ ಕೆಳಗಿಳಿಯಬಹುದು. ಅಂತಹ ದಿನ ಹೊಲಿಗೆ ಯಂತ್ರವನ್ನು ತುಳಿದು ನಡೆಸಬೇಕು, ಒಂದು ಫ್ಯಾನು ಆರಿಸಬೇಕು. ಪ್ಲೇಟು ಕೊಳ್ಳುವಾಗ ನಿಮ್ಮ ಬ್ಯಾಟರಿಯ ವೋಲ್ಟಿಗೆ ಅದು ಹೊಂದುತ್ತದೆಯೇ ಎಂದು ಕೇಳಿ. ಹೆಚ್ಚು ವೋಲ್ಟಿನ ದೊಡ್ಡ ಪ್ಲೇಟಾದರೆ ಎಂಪಿಪಿಟಿ ಬಗೆಯ ಕಂಟ್ರೋಲರ್ ಬೇಕಾಗುತ್ತದೆ. ಇಲ್ಲದಿದ್ದರೆ ಕೊಟ್ಟ ಹಣದಷ್ಟು ಕರೆಂಟು ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಲೇಟಿನ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಕೆಲವು ಉಪಕರಣಗಳನ್ನು ಈ ಲೆಕ್ಕದಿಂದ ಹೊರಗಿಡಲೇಬೇಕು. ಇಸ್ತ್ರಿಪೆಟ್ಟಿಗೆ ಸಾವಿರ ವ್ಯಾಟ್, ಗೀಸರ್ ಎರಡು ಸಾವಿರ. ಶಾಖ ಕೊಡುವ ಯಾವ ಸಾಮಾನನ್ನೂ ಬ್ಯಾಟರಿಗೆ ಹಚ್ಚಬೇಡಿ. ಬಿಸಿನೀರಿಗೆ ಮಾಳಿಗೆಯ ಸೋಲಾರ್ ವಾಟರ್ ಹೀಟರೇ ಬೇರೆ ಇದೆ. ಫ್ರಿಜ್ ಮತ್ತು ನೀರಿನ ಮೋಟಾರು ಶುರುವಾಗುವ ಕ್ಷಣದಲ್ಲಿ ತಮ್ಮ ಎಂದಿನ ವ್ಯಾಟಿನ ಹಲವು ಪಟ್ಟು ಎಳೆಯುತ್ತವೆ; ಸಣ್ಣ ಇನ್ವರ್ಟರ್ ಅಲ್ಲೇ ಕೈಚೆಲ್ಲುತ್ತದೆ. ಮನೆಯಲ್ಲಿ ಇನ್ಸುಲಿನ್ ಇದ್ದು ಫ್ರಿಜ್ ನಡೆಯಲೇಬೇಕೆಂದಿದ್ದರೆ ಅದನ್ನು ಮೊದಲೇ ಹೇಳಿ ಅದಕ್ಕೆ ತಕ್ಕ ಇನ್ವರ್ಟರ್ ಕೊಳ್ಳಬೇಕು. ಇನ್ವರ್ಟರಿನ ಮೇಲೆ 800 ವಿಎ ಎಂದು ಬರೆದಿದ್ದರೆ ಅದು 800 ವ್ಯಾಟ್ ಅಲ್ಲ, ಅದಕ್ಕಿಂತ ಕಡಿಮೆ ಎಂಬುದೂ ನೆನಪಿರಲಿ.

ಬಾಡಿಗೆ ಮನೆಯವರಿಗೆ, ಮಾಳಿಗೆಯ ಮೇಲೆ ಹಕ್ಕಿಲ್ಲದವರಿಗೆ ಆ ಕೈಪೆಟ್ಟಿಗೆಯ ಸೋಲಾರ್ ಜನರೇಟರ್ ಅನುಕೂಲ. ಮನೆ ಬದಲಿಸಿದರೆ ಜೊತೆಗೇ ಒಯ್ಯಬಹುದು. ಆದರೆ ಜಾಹೀರಾತಿನ ಚಿತ್ರ ನೋಡಿ ಮರುಳಾಗಬೇಡಿ. 300 ವ್ಯಾಟ್-ಗಂಟೆಯ ಪೆಟ್ಟಿಗೆಯೆಂದರೆ ಮೂರು ಬಲ್ಬು ಮತ್ತು ಒಂದು ಬಿಎಲ್‌ಡಿಸಿ ಫ್ಯಾನಿಗೆ ನಾಲ್ಕು ಗಂಟೆಯ ಚಿಲ್ಲರೆ ಸಾಮಾನು, ಅಷ್ಟೇ. ನಾಲ್ಕು ಪ್ರಶ್ನೆ ಕೇಳಿ: ಇದರಲ್ಲಿ ಎಷ್ಟು ವ್ಯಾಟ್-ಗಂಟೆ ಹಿಡಿಯುತ್ತದೆ? ಸತತವಾಗಿ ಎಷ್ಟು ವ್ಯಾಟ್ ಕೊಡುತ್ತದೆ? ಪ್ಲೇಟು ಬೆಲೆಯಲ್ಲಿ ಸೇರಿದೆಯೇ, ಬೇರೆಯೇ? ಕೆಟ್ಟರೆ ರಿಪೇರಿ ಎಲ್ಲಿ, ಬಾಗಲಕೋಟೆಯಲ್ಲೋ, ದೂರದ ಊರಿಗೆ ಕಳಿಸಬೇಕೋ? ಒಳಗಿರುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಸೀಸದ ಬ್ಯಾಟರಿಗಿಂತ ಬಹಳ ಹೆಚ್ಚು ಸಲ ತುಂಬಿ ಬಳಸಬಹುದು, ನೀರು ಹಾಕುವ ಕೆಲಸವಿಲ್ಲ; ಬೆಲೆ ಮಾತ್ರ ಮೇಲೆ.

ಹಣದ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಬಡವರ ಮನೆಗೆ ಸೋಲಾರ್ ದೀಪ ತಲುಪಿಸುವ ಕೆಲಸ ಹೊಸದೇನಲ್ಲ. ಹರೀಶ್ ಹಂದೆಯವರು ನೆವಿಲ್ ವಿಲಿಯಮ್ಸ್ ಜೊತೆ 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ಇದರಲ್ಲಿ ಮುಂದಾಳು. ಬಡವರಿಗೆ ಸೋಲಾರ್ ದುಬಾರಿ, ಅವರು ಅದನ್ನು ನೋಡಿಕೊಳ್ಳಲಾರರು ಎಂಬ ಮಾತನ್ನು ಅವರು ಒಪ್ಪಲಿಲ್ಲ. ಒಂದೇ ಬಾರಿ ದೊಡ್ಡ ಮೊತ್ತ ಕೊಡಲಾಗದವರೂ ತಮ್ಮ ದುಡಿಮೆಯ ರೀತಿಗೆ ತಕ್ಕ ಕಂತಾದರೆ ಕಟ್ಟುತ್ತಾರೆ ಎಂದು ತೋರಿಸಿದರು. ಆಗ ನಂಬಿಕೆಯಿಟ್ಟು ಮುಂದೆ ಬಂದ ಬ್ಯಾಂಕುಗಳಲ್ಲಿ ನಮ್ಮ ಪಕ್ಕದ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕೂ ಒಂದು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಬಡ್ಡಿಯ ಸಾಲ ಬೇಡವೆನ್ನುವ ಮನೆಗಳು ನಮ್ಮಲ್ಲಿ ಬಹಳ. ಅವರಿಗೂ ದಾರಿಯಿದೆ. ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕಾಗಿಲ್ಲ ಎಂಬುದೇ ಈ ವ್ಯವಸ್ಥೆಯ ದೊಡ್ಡ ಗುಣ. ಮೊದಲ ವರ್ಷ ಬಲ್ಬು-ಫ್ಯಾನು ಬದಲಿಸಿ. ಆಮೇಲೆ ಇನ್ವರ್ಟರ್ ಮತ್ತು ಬ್ಯಾಟರಿ; ಕೊಳ್ಳುವಾಗಲೇ ಮುಂದೆ ಪ್ಲೇಟು ಜೋಡಿಸಲು ಬರುವ ಸೋಲಾರ್ ಇನ್ವರ್ಟರನ್ನೇ ಆರಿಸಿ. ಅನಂತರ ಪ್ಲೇಟು. ಈಗಾಗಲೇ ಸಾದಾ ಇನ್ವರ್ಟರ್ ಇದ್ದವರು ಅದನ್ನು ಎಸೆಯಬೇಕಿಲ್ಲ. ಪ್ರತ್ಯೇಕ ಕಂಟ್ರೋಲರ್ ಹಾಕಿ ಪ್ಲೇಟು ಜೋಡಿಸಬಹುದು. ಹೊಲಿಗೆಯಿಂದಲೋ ಕಸೂತಿಯಿಂದಲೋ ಬಂದ ಹಣವನ್ನು ನೆರೆಯ ನಾಲ್ಕೈದು ಹೆಂಗಸರು ತಿಂಗಳು ತಿಂಗಳು ಕೂಡಿಸಿ, ಸರದಿಯಂತೆ ಒಬ್ಬೊಬ್ಬರ ಮನೆಗೆ ಕೊಳ್ಳಬಹುದು. ಬಳೆ, ಪಾತ್ರೆಗೆ ಹಣ ಕೂಡಿಸುವ ನಮಗೆ ಇದೇನು ಹೊಸ ವಿದ್ಯೆಯೇ?

ಕೂರಿಸುವಾಗ ಪಕ್ಕದಲ್ಲಿ ನೀವೇ ನಿಂತು ನೋಡಿ. ಪ್ಲೇಟು ದಕ್ಷಿಣಕ್ಕೆ ಮುಖ ಮಾಡಿರಬೇಕು. ನಮ್ಮ ಜಿಲ್ಲೆಗೆ ಸುಮಾರು 16 ಡಿಗ್ರಿ ಓರೆ ಸಾಕು. ಬೇವಿನ ಮರದ ಅಥವಾ ನೀರಿನ ಟಾಕಿಯ ನೆರಳು ಒಂದು ಮೂಲೆಗೆ ಬಿದ್ದರೂ ಕರೆಂಟು ಬಹಳ ಕಡಿಮೆಯಾಗುತ್ತದೆ. ಮಣ್ಣಿನ ಮಾಳಿಗೆಯಾದರೆ ಮೊಳೆ ಹೊಡೆದು ಸೋರಿಕೆ ತಂದುಕೊಳ್ಳಬೇಡಿ. ಗೋಡೆಯ ಮೇಲೆ ಭಾರ ಬೀಳುವಂತೆ ಚೌಕಟ್ಟು ನಿಲ್ಲಿಸಲು ಹೇಳಿ. ಚೌಕಟ್ಟನ್ನು ತುಸು ಎತ್ತರಿಸಿದರೆ ಹಪ್ಪಳ ಹರವುವ ಜಾಗ ಉಳಿಯುತ್ತದೆ. ಬಾದಾಮಿಯವರಿಗೆ ಮಂಗಗಳ ಕಾಟ ಗೊತ್ತೇ ಇದೆ. ವೈರನ್ನು ಪೈಪಿನೊಳಗೆ ಹಾಕಿಸಿ, ಪ್ಲೇಟನ್ನು ಬಿಗಿಯಾಗಿ ಕಟ್ಟಿಸಿ. ಇಳಕಲ್ಲಿನ ಗ್ರಾನೈಟ್ ಗಣಿಗಳ ಆಸುಪಾಸಿನವರು ಧೂಳನ್ನು ವಾರಕ್ಕೊಮ್ಮೆಯಾದರೂ ಒರೆಸಬೇಕು. ಮುಂಜಾನೆಯ ತಂಪಿನಲ್ಲಿ ಮೆತ್ತನೆಯ ಬಟ್ಟೆಯಿಂದ ಒರೆಸಿ. ನಡುಹಗಲಿನಲ್ಲಿ ಕಾದ ಗಾಜಿಗೆ ತಣ್ಣೀರು ಸುರಿದರೆ ಅದು ಬಿರಿಯಬಹುದು.

ಬ್ಯಾಟರಿಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಸೀಸದ ಬ್ಯಾಟರಿ ತುಂಬುವಾಗ ಬೆಂಕಿ ಹತ್ತುವ ಅನಿಲ ಹೊರಡುತ್ತದೆ. ಗ್ಯಾಸ್ ಒಲೆಯ ಹತ್ತಿರ, ಮಲಗುವ ಕೋಣೆಯಲ್ಲಿ, ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಗಾಳಿಯಾಡುವ, ಮಕ್ಕಳ ಕೈಗೆ ಸಿಗದ ಜಾಗವಿರಲಿ. ಎರಡು-ಮೂರು ತಿಂಗಳಿಗೊಮ್ಮೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರಿನ ನೀರು ಬೇಡವೇ ಬೇಡ. ಹಾಗೆ ಹಾಕುವ ಮುನ್ನ ಚಿನ್ನದ ಬಳೆ, ಉಂಗುರ ತೆಗೆದಿಡಿ. ಬಳೆ ಬ್ಯಾಟರಿಯ ಎರಡು ತುದಿಗಳಿಗೆ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕಾದು ಕೈ ಸುಡುತ್ತದೆ. ಆಮ್ಲ ಮೈಗೆ ತಾಗಿದರೆ ತಡಮಾಡದೆ ಧಾರಾಳ ನೀರಿನಿಂದ ತೊಳೆಯಿರಿ. ಕಣ್ಣಿಗೆ ಸಿಡಿದರೆ ತೊಳೆಯುತ್ತಲೇ ವೈದ್ಯರ ಬಳಿ ಹೋಗಿ. ಹಳೆಯ ಬ್ಯಾಟರಿಯನ್ನು ಅಂಗಡಿಗೇ ಮರಳಿಸಿ ಅದರ ಬೆಲೆ ಪಡೆಯಿರಿ. ಅದರ ಸೀಸ ಮಕ್ಕಳಿಗೆ ವಿಷ. ಇನ್ನು ಪೆಟ್ರೋಲ್ ಅಥವಾ ಡೀಸೆಲ್ ಜನರೇಟರನ್ನು ಮಳೆಗೆ ನೆನೆಯುತ್ತದೆಂದು ಮನೆಯೊಳಗೆ, ವರಾಂಡದಲ್ಲಿ ಎಂದೂ ನಡೆಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಇದೆಲ್ಲ ಗಂಡಸರ ಕೆಲಸ, ನಮಗೇಕೆ ಎನ್ನುವ ಸಹೋದರಿಯರೂ ಇದ್ದಾರೆ. ರಾಜಸ್ಥಾನದ ತಿಲೋನಿಯಾದಲ್ಲಿ, 1972ರಲ್ಲಿ ಬಂಕರ್ ರಾಯ್ ಆರಂಭಿಸಿದ ಬೇರ್‌ಫುಟ್ ಕಾಲೇಜಿನಲ್ಲಿ ಓದು-ಬರಹ ಬಾರದ ಅಜ್ಜಿಯರು ಸೋಲಾರ್ ದೀಪ ಜೋಡಿಸಲು, ರಿಪೇರಿ ಮಾಡಲು ಕಲಿತಿದ್ದಾರೆ. ಆಫ್ರಿಕದ ಹಳ್ಳಿಗಳಿಂದ ಭಾಷೆಯೂ ಬಾರದೆ ಬಂದ ಹೆಂಗಸರು ತಂತಿಯ ಬಣ್ಣ ಗುರುತಿಸಿ ಕಲಿತು ಹೋಗಿ ತಮ್ಮ ಊರಿಗೆ ಬೆಳಕು ಕೊಟ್ಟಿದ್ದಾರೆ. 2021ರಲ್ಲಿ ಲೆಬನಾನಿನಲ್ಲಿ ಸರಕಾರಿ ವಿದ್ಯುತ್ ದಿನಕ್ಕೆ ಒಂದೆರಡು ಗಂಟೆಗೆ ಇಳಿದಾಗ ಜನ ಮಾಳಿಗೆಗಳ ಮೇಲೆ ಪ್ಲೇಟು ಹೂಡಿ ಮನೆ ನಡೆಸಿದರು. ಎಳೆ ಎಣಿಸಿ ಕಸೂತಿ ಹಾಕುವ, ಇಳಕಲ್ ಸೀರೆಯ ಸೆರಗನ್ನು ಒಡಲಿಗೆ ಕುಣಿಕೆ ಹಾಕಿ ಕೂಡಿಸುವ ನಾಡಿನ ಹೆಣ್ಣುಮಕ್ಕಳಿಗೆ ಕೆಂಪು ವೈರು, ಕಪ್ಪು ವೈರಿನ ವ್ಯತ್ಯಾಸ ಕಷ್ಟವಾಗಲಾರದು. ಗೋಡೆಯೊಳಗಿನ ವೈರಿಂಗ್, ಮೀಟರಿನ ಜೋಡಣೆ, ಅರ್ಥಿಂಗ್ ಇವನ್ನು ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಇನ್ನೊಂದು ಮಾತು. ಮನೆಗೆ ಇನ್ವರ್ಟರ್ ಬಂದಾಗ ಅದರ ವೈರು ಸಾಮಾನ್ಯವಾಗಿ ಮೊದಲು ಹೋಗುವುದು ಪಡಸಾಲೆಯ ಟಿವಿಗೆ. ಅಡುಗೆಮನೆ ಕೊನೆಗೂ ಕತ್ತಲಲ್ಲೇ ಉಳಿಯುತ್ತದೆ. ಎಲೆಕ್ಟ್ರಿಷಿಯನ್ ಬಂದ ದಿನವೇ ಹೇಳಿ: ಮೊದಲ ಬಲ್ಬು ಒಲೆಯ ಮೇಲೆ, ಎರಡನೆಯದು ಮಕ್ಕಳು ಓದುವಲ್ಲಿ, ಮೂರನೆಯದು ಬಚ್ಚಲಿನ ದಾರಿಯಲ್ಲಿ, ನಾಲ್ಕನೆಯದು ಹೊಲಿಗೆ ಯಂತ್ರದ ಬಳಿ. ಟಿವಿ ಅದರ ನಂತರ. ಈ ತಿಂಗಳು ಮುಂದಿನ ಬಾರಿ ಕರೆಂಟು ಹೋದಾಗ ಗಡಿಯಾರ ನೋಡಿ, ಯಾವ ಕೆಲಸ ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಒಂದು ತಿಂಗಳ ಆ ಚೀಟಿ ಕೈಯಲ್ಲಿದ್ದರೆ ಯಾವ ಅಂಗಡಿಯವನೂ ನಿಮಗೆ ಬೇಡದ್ದನ್ನು ಮಾರಲಾರ, ಮನೆಯವರೂ ನಿಮ್ಮ ಮಾತನ್ನು ತಳ್ಳಿಹಾಕಲಾರರು.